ದಿನದ ಲೆಕ್ಕ ದಿನಕ್ಕೇ ಮುಗಿಯುವ ಕೆಲಸ: ಒಂದು ಖಿನ್ನತೆ, ಒಂದು ಅಡಿಕೆ ಕೊಯ್ಲು

ಇಲ್ಲಿ ವಿವರಿಸುತ್ತಿರುವುದು ನನ್ನ ಚಿಕ್ಕಪ್ಪನ ಪ್ರಕರಣ. ಅವರ ಒಪ್ಪಿಗೆ ಪಡೆದು, ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಬೇಡವೆಂದ ಎರಡು ಸಂಗತಿಗಳನ್ನು ತೆಗೆದುಹಾಕಿದ್ದೇನೆ. ಊರು, ಬ್ಯಾಂಕು, ವೈದ್ಯರು ಯಾರ ಹೆಸರೂ ಇಲ್ಲಿಲ್ಲ. ನಾನು ವೈದ್ಯನಲ್ಲ, ಎರಡು ವರ್ಷ ಪ್ರತಿ ಶನಿವಾರ ಶಿವಮೊಗ್ಗದಿಂದ ಊರಿಗೆ ಹೋಗಿ ಬರುತ್ತಿದ್ದವನು, ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡವನು, ಅಷ್ಟೇ. ಮೈ ಬಗ್ಗಿಸಿ ದುಡಿದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ಆದರೆ ಯಾವ ಕೆಲಸ, ಎಷ್ಟು ಹೊತ್ತು, ಯಾರ ಜೊತೆ, ಯಾರ ಸಲುವಾಗಿ ಎಂದು ಕೇಳತೊಡಗಿದರೆ ಆ ಮಾತು ಅಷ್ಟು ಸರಳವಾಗಿ ಉಳಿಯುವುದಿಲ್ಲ ಎಂಬುದು ಈ ಪ್ರಕರಣದಿಂದ ನನಗೆ ತಿಳಿದದ್ದು.

ನಿವೃತ್ತಿ

ಚಿಕ್ಕಪ್ಪ ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರಾದರೂ ಪಿಯುಸಿಗೆಂದು ಪೇಟೆ ಸೇರಿದ ಮೇಲೆ ಊರಿಗೆ ಬರುತ್ತಿದ್ದುದು ಹಬ್ಬಕ್ಕೆ, ಶ್ರಾದ್ಧಕ್ಕೆ, ಮದುವೆ-ಮುಂಜಿಗಳಿಗೆ ಮಾತ್ರ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ, ಬಹಳ ಕಾಲ ಕ್ಯಾಶ್ ಕೌಂಟರಿನಲ್ಲಿ ಕುಳಿತು, ಕೊನೆಯ ಒಂಬತ್ತು ವರ್ಷ ಶಾಖೆಯ ವ್ಯವಸ್ಥಾಪಕರಾಗಿ ಕೆಲಸ ಮಾಡಿ 2022ರ ಮೇ ಕೊನೆಗೆ ನಿವೃತ್ತರಾದರು. ಕ್ಯಾಶಿಯರನ ಬದುಕಿನ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಆತ ಮನೆಗೆ ಹೋಗುವಂತಿಲ್ಲ. ಹತ್ತು ರೂಪಾಯಿ ಹೆಚ್ಚು ಬಂದರೂ ಕಡಿಮೆ ಬಂದರೂ ವೋಚರುಗಳನ್ನೆಲ್ಲ ಮತ್ತೆ ತಿರುವಿಹಾಕಬೇಕು. ಹೊಂದಿತೆಂದರೆ ಆ ದಿನದ ಲೆಕ್ಕ ಆ ದಿನಕ್ಕೇ ಮುಗಿದು, ತಿಜೋರಿಯ ಬಾಗಿಲು ಮುಚ್ಚುವುದರ ಜೊತೆಗೆ ತಲೆಯೊಳಗಿನ ಬಾಗಿಲೂ ಮುಚ್ಚುತ್ತಿತ್ತು. ವ್ಯವಸ್ಥಾಪಕರಾದ ಮೇಲೂ ಅವರು ದಿನದ ಕೊನೆಯಲ್ಲಿ ಸಣ್ಣ ಡೈರಿಯೊಂದರಲ್ಲಿ ನಾಲ್ಕು ಅಂಕಿ ಬರೆದು ಅಡಿಗೆರೆ ಎಳೆಯುತ್ತಿದ್ದರು.

ಸೇವೆಯ ಕಡೆಯ ವರ್ಷದಲ್ಲಿ ಸಾಲದ ಕಡತವೊಂದರ ಬಗ್ಗೆ ಇಲಾಖಾ ವಿಚಾರಣೆ ನಡೆಯಿತು. ತಪ್ಪೇನೂ ಸಾಬೀತಾಗಲಿಲ್ಲ, ನಿವೃತ್ತಿಯ ಹಣಕ್ಕೂ ತೊಂದರೆಯಾಗಲಿಲ್ಲ. ಆದರೆ ವಿಚಾರಣೆ ಮುಗಿಯಿತೆಂದು ಯಾರೂ ಎದುರಿಗೆ ಕೂರಿಸಿ ಹೇಳಲಿಲ್ಲ, ಒಂದು ಕಾಗದ ಬಂತು, ಅಷ್ಟೆ. ಈ ಲೆಕ್ಕಕ್ಕೆ ಅಡಿಗೆರೆ ಬೀಳಲಿಲ್ಲವೆಂದೇ ಇರಬೇಕು, ನಿವೃತ್ತಿಯಾಗಿ ಎರಡು ತಿಂಗಳಲ್ಲಿ ಅವರು ರಾತ್ರಿ ಮೂರು ಗಂಟೆಗೆ ಎದ್ದು ಕುಳಿತು ಆ ಕಡತದ ಪುಟಗಳನ್ನು ಮನಸ್ಸಿನಲ್ಲೇ ಮಗುಚತೊಡಗಿದರು. ಊಟ ಕಡಿಮೆಯಾಯಿತು. ಬೆಳಗಿನ ಪತ್ರಿಕೆಯ ಅದೇ ಪುಟ ಮಧ್ಯಾಹ್ನದವರೆಗೂ ಕೈಯಲ್ಲಿರುತ್ತಿತ್ತು. ಮಲಗುವ ಮೊದಲು ಬಾಗಿಲ ಚಿಲಕವನ್ನು ನಾಲ್ಕೈದು ಸಲ ನೋಡಿ ಬರುವುದನ್ನು ಚಿಕ್ಕಮ್ಮ ಮೊದಮೊದಲು ತಮಾಷೆ ಮಾಡಿದ್ದರು, ಆಮೇಲೆ ಮಾಡಲಿಲ್ಲ.

ಈ ಹಂತದಲ್ಲಿ ಬಂಧುಗಳೆಲ್ಲ ಕೊಟ್ಟದ್ದು ಒಂದೇ ಸಲಹೆ: ಸುಮ್ಮನೆ ಕೂರಬೇಡ, ಏನಾದರೂ ಮಾಡು. ಕಾಯಕದ ಮಹಿಮೆಯನ್ನು ಹೇಳುವ ವಾಟ್ಸ್‌ಆಪ್ ಸಂದೇಶಗಳು ದಿನಕ್ಕೆರಡು ಬರುತ್ತಿದ್ದವು, ಅವುಗಳಲ್ಲಿ ಒಂದೆರಡನ್ನು ನಾನೂ ಕಳಿಸಿದ್ದೇನೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಖಿನ್ನತೆಯ ಒಂದು ಮುಖ್ಯ ಲಕ್ಷಣವೇ ಏನನ್ನೂ ಮಾಡಲು ಮನಸ್ಸಿಲ್ಲದಿರುವುದು. ಅಂಥವರಿಗೆ ಕೆಲಸ ಮಾಡು ಎನ್ನುವುದು ಜ್ವರ ಬಂದವರಿಗೆ ಬಿಸಿಯಾಗಬೇಡ ಎಂದಂತೆ. ಸಲಹೆಯಿಂದ ಅವರಿಗೆ ಸಿಕ್ಕಿದ್ದು ಇನ್ನೊಂದು ತಪ್ಪಿತಸ್ಥ ಭಾವ ಮಾತ್ರ. ಮಗನ ಒತ್ತಾಯಕ್ಕೆ ಬಡಾವಣೆಯ ಪಾರ್ಕಿನಲ್ಲಿ ನಡೆಯಲು ಹೋದರು. ದಿನಕ್ಕೆ ಹನ್ನೆರಡು ಸುತ್ತು. "ಸುತ್ತು ಹಾಕಿದ್ದಷ್ಟೂ ಆ ಕಡತವೂ ನನ್ನ ಜೊತೆ ಸುತ್ತು ಹಾಕ್ತು" ಎಂದು ಆಮೇಲೆ ಹೇಳಿದರು.

2022ರ ಅಕ್ಟೋಬರ್ ಮೊದಲ ವಾರ ಚಿಕ್ಕಮ್ಮ ಹಟ ಹಿಡಿದು ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದರು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ, ಗರಿಷ್ಠ 27 ಇರುವಲ್ಲಿ, ಅವರ ಅಂಕ 18 ಬಂತು. 15ರಿಂದ 19ರವರೆಗಿನದು ಸಾಕಷ್ಟು ತೀವ್ರವಾದ ಖಿನ್ನತೆಯ ವರ್ಗ. ಸರ್ಟ್ರಲೀನ್ ಎಂಬ ಮಾತ್ರೆ ಶುರುವಾಯಿತು. ಸಾಯುವ ಯೋಚನೆ ಬರುತ್ತದೆಯೇ ಎಂದು ವೈದ್ಯರು ನೇರವಾಗಿಯೇ ಕೇಳಿದರು, ಇಲ್ಲವೆಂದರು. ಈ ಉತ್ತರವನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅದು ಬೇರೆಯಾಗಿದ್ದರೆ ಮುಂದಿನ ಕತೆಯೇ ನಡೆಯುತ್ತಿರಲಿಲ್ಲ, ನಡೆಯಲೂ ಬಾರದಾಗಿತ್ತು.

ಸಂಕದಿಂದ ಜಾರಿದ ಕಾಲು

ನವೆಂಬರ್ ಮಧ್ಯದಲ್ಲಿ, ಕೊನೆಕೊಯ್ಲು (ಅಡಿಕೆಯ ಗೊನೆಗೆ ನಮ್ಮಲ್ಲಿ ಕೊನೆ ಎನ್ನುತ್ತಾರೆ) ಶುರುವಾಗಿ ನಾಲ್ಕನೆಯ ದಿನ, ನನ್ನ ತಂದೆ ತೋಟದ ಸಂಕ, ಅಂದರೆ ಕಾಲುಸೇತುವೆ, ದಾಟುವಾಗ ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡರು. ಕೊಯ್ಲು ನಿಲ್ಲಿಸುವ ಹಾಗಿಲ್ಲ. ಕೊನೆ ತೆಗೆಯುವವನು ನಮ್ಮ ಮನೆಗೆ ಕೊಟ್ಟ ದಿನ ತಪ್ಪಿದರೆ ಆಮೇಲೆ ಸಿಗುವುದು ಅಡಿಕೆ ಹಣ್ಣಾದ ಮೇಲೆಯೇ. ತಂದೆ ಆಸ್ಪತ್ರೆಯಿಂದಲೇ ತಮ್ಮನಿಗೆ ಫೋನು ಮಾಡಿದರು. ಆ ಮಾತು ನನಗೆ ನೆನಪಿದೆ, ಏಕೆಂದರೆ ಫೋನು ಹಿಡಿದುಕೊಂಡಿದ್ದವನು ನಾನು: "ನೀನು ಬರದಿದ್ರೆ ಈ ವರ್ಷದ ಬೆಳೆ ಹೋತು ಮಾರಾಯಾ." ಅದರಲ್ಲಿ ಸಲಹೆಯಿರಲಿಲ್ಲ, ಕನಿಕರವೂ ಇರಲಿಲ್ಲ. ಆರು ತಿಂಗಳಲ್ಲಿ ಚಿಕ್ಕಪ್ಪನಿಗೆ ಯಾರಾದರೂ ಒಬ್ಬರು ನೀನು ನನಗೆ ಬೇಕಾಗಿದ್ದೀಯ ಎಂದು ಹೇಳಿದ್ದು ಅದೇ ಮೊದಲು ಎಂದು ನನ್ನ ಎಣಿಕೆ.

ವೈದ್ಯರನ್ನು ಕೇಳಿದೆವು. ಹೋಗಲಿ, ಮಾತ್ರೆ ತಪ್ಪಬಾರದು, ಮನೆಯಲ್ಲಿ ಜನ ಇರಬೇಕು, ತೋಟದ ಔಷಧಿಗಳನ್ನಿಡುವ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಬೇರೆಯವರು ಇಟ್ಟುಕೊಳ್ಳಬೇಕು ಎಂದರು. ಆ ಕೊನೆಯ ಸೂಚನೆ ಆಗ ಅತಿಯೆನ್ನಿಸಿತ್ತು. ಮನಸ್ಸು ಕುಗ್ಗಿದವರನ್ನು ಹಳ್ಳಿಯ ತಂಪಿಗೆ ಕಳಿಸೋಣ ಎಂದು ಹೊರಡುವ ಕುಟುಂಬಗಳು ಈ ಬೀಗದ ವಿಷಯವನ್ನು ಮೊದಲು ಯೋಚಿಸಬೇಕೆಂದು ಈಗ ಅನ್ನಿಸುತ್ತದೆ.

ಮೊದಲ ಮೂರು ದಿನ ಚಿಕ್ಕಪ್ಪ ಕೆಲಸ ಮಾಡಲಿಲ್ಲ, ಲೆಕ್ಕ ಬರೆದರು. ಎಷ್ಟು ಕೊನೆ ಇಳಿಯಿತು, ಯಾರು ಎಷ್ಟು ಡಬ್ಬ ಸುಲಿದರು. ನಮ್ಮಲ್ಲಿ ಸುಲಿಯುವ ಕೂಲಿಯನ್ನು ಡಬ್ಬದ ಲೆಕ್ಕದಲ್ಲಿ ಕೊಡುವುದು ರೂಢಿ. ಹಳೆಯ ಸೀಮೆಎಣ್ಣೆಯ ಡಬ್ಬ ತುಂಬ ಸುಲಿದ ಹಸಿ ಅಡಿಕೆ ಒಂದು ಅಳತೆ. ನಾಲ್ಕನೆಯ ರಾತ್ರಿ ಜನ ಕಡಿಮೆಯಾಗಿ ರಾಶಿ ಹಾಗೇ ಉಳಿದಿತ್ತು. ಮೂವತ್ತು ವರ್ಷಗಳಿಂದ ನಮ್ಮಲ್ಲಿ ಅಡಿಕೆ ಸುಲಿಯುತ್ತಿರುವ ಹಿರಿಯ ಹೆಂಗಸೊಬ್ಬರು ಒಂದು ಮೆಟ್ಟುಗತ್ತಿಯನ್ನು ಅವರ ಕಡೆಗೆ ಸರಿಸಿ, "ಬರ್ಕಂಡು ಕೂತ್ರೆ ಸಿಪ್ಪೆ ಬಿಡ್ತದಾ ಒಡೇರೆ?" ಎಂದರು. ಸಣ್ಣವರಿದ್ದಾಗ ಕಲಿತಿದ್ದ ಕೆಲಸ. ನಲವತ್ತು ವರ್ಷ ಮುಟ್ಟಿರಲಿಲ್ಲ.

ಈ ಕೆಲಸವನ್ನು ಹತ್ತಿರದಿಂದ ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನೆಲಕ್ಕೆ ಹತ್ತಿದಂತಿರುವ ಮಣೆಯ ಮೇಲೆ ಕುಳಿತು, ಮೇಲ್ಮುಖವಾಗಿ ನಿಂತ ಕತ್ತಿಯ ಮೊನೆಗೆ ಹಸಿ ಅಡಿಕೆಯನ್ನು ಎರಡೂ ಕೈಯಿಂದ ಒತ್ತಿ, ಸಿಪ್ಪೆಯನ್ನು ಸೀಳಿ, ಒಳಗಿನ ಬೀಜಕ್ಕೆ ಗಾಯವಾಗದಂತೆ ಬಿಡಿಸಿ ಎಸೆಯಬೇಕು. ಒಂದು ಅಡಿಕೆಗೆ ಎರಡು-ಮೂರು ಸೆಕೆಂಡು. ಮನಸ್ಸು ಎಲ್ಲಿಗಾದರೂ ಹೋದರೆ ಮೊನೆ ಹೆಬ್ಬೆರಳಿಗೆ ತಾಗುತ್ತದೆ. ಆದರೆ ಮನಸ್ಸೆಲ್ಲ ಅಲ್ಲೇ ಬೇಕೆನ್ನುವಷ್ಟು ಕಷ್ಟದ ಕೆಲಸವೂ ಅಲ್ಲ, ಬಾಯಿ ಬಿಡುವಾಗಿಯೇ ಇರುತ್ತದೆ. ಪಾರ್ಕಿನ ನಡಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆಯೆಂದು ನನಗನ್ನಿಸುತ್ತದೆ. ನಡಿಗೆ ಮನಸ್ಸನ್ನು ಅದರ ಪಾಡಿಗೆ ಬಿಡುತ್ತದೆ, ಆರೋಗ್ಯವಂತರಿಗೆ ಅದೇ ಸುಖ. ಒಂದೇ ಯೋಚನೆಯನ್ನು ಮೆಲುಕು ಹಾಕುವ ಕಾಯಿಲೆ ಇದ್ದವರಿಗೆ ಅದೇ ತೊಡಕು. ಕತ್ತಿಯ ಮೊನೆಯಾದರೋ ಎರಡು ಸೆಕೆಂಡಿಗೊಮ್ಮೆ ಮನಸ್ಸಿನ ಕಿವಿ ಹಿಡಿದು ವಾಪಸು ತರುತ್ತದೆ.

ಮೊದಲ ರಾತ್ರಿ ಅವರು ಸುಲಿದದ್ದು ಕಾಲು ಡಬ್ಬ. ಆ ಹಿರಿಯ ಹೆಂಗಸು ಅಷ್ಟರಲ್ಲಿ ಎರಡು ಡಬ್ಬ ಮುಗಿಸಿದ್ದರು. ಒಂದು ವಾರಕ್ಕೆ ಅರ್ಧ ಡಬ್ಬವಾಯಿತು. ಅಡಿಕೆಯ ಚೊಗರು ಹತ್ತಿ ಬೆರಳುಗಳು ಕಂದಾಗಿ, ಉಗುರಿನ ಸಂದು ಕಪ್ಪಾಗಿ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೂ ಹೋಗಲಿಲ್ಲ. ಒಂದು ಶನಿವಾರ ನಾನು ಹೋದಾಗ ಜಗುಲಿಯ ದೀಪದ ಕೆಳಗೆ ಎರಡೂ ಕೈ ಚಾಚಿ ನೋಡಿಕೊಳ್ಳುತ್ತ ಕುಳಿತಿದ್ದರು. ನೋಟೆಣಿಸಲು ಒದ್ದೆ ಸ್ಪಂಜು ಮುಟ್ಟಿ ಮುಟ್ಟಿ ಮೆತ್ತಗಾಗಿದ್ದ ಬೆರಳುಗಳು. "ನೋಡಾ, ಯಾರಾದ್ರೂ ಇವನು ಮ್ಯಾನೇಜರಾಗಿದ್ದ ಅಂತ ಹೇಳ್ತ್ರ?" ಎಂದರು. ಆ ದನಿಯಲ್ಲಿ ದುಃಖವಿತ್ತೋ ಹೆಮ್ಮೆಯಿತ್ತೋ ಹೇಳಲಾರೆ, ಆದರೆ ತಿಂಗಳುಗಳ ನಂತರ ಅವರು ತಾವಾಗಿ ಶುರುಮಾಡಿದ ಮೊದಲ ಮಾತು ಅದು.

ಕೊಯ್ಲಿನ ಮೂರನೆಯ ವಾರ ಅವರು ಆ ಕಡತದ ವಿಷಯ ಹೇಳಿದರು. ಹೆಂಡತಿಗೂ ಪೂರ್ತಿ ಹೇಳಿರದ ಸಂಗತಿಯನ್ನು ಏಳೆಂಟು ಜನ ಸುಲಿಯುತ್ತ ಕುಳಿತಿದ್ದ ಚಪ್ಪರದ ಕೆಳಗೆ, ಯಾರ ಮುಖವನ್ನೂ ನೋಡದೆ, ಅಡಿಕೆ ಸುಲಿಯುತ್ತಲೇ ಹೇಳಿದರು. ಯಾರೂ ಕೆಲಸ ನಿಲ್ಲಿಸಲಿಲ್ಲ. ಒಬ್ಬರು ತಮ್ಮ ಮನೆಯ ಪಡಿತರ ಚೀಟಿ ರದ್ದಾದ ಕತೆ ಹೇಳಿದರು, ಇನ್ನೊಬ್ಬರು ಆ ಸಾಲಗಾರನಿಗೆ ಶಾಪ ಹಾಕಿದರು. ಕೈಗೆ ಕೆಲಸವಿದ್ದಾಗ ಮಾತಿನ ನಡುವಿನ ಮೌನ ಭಾರವಾಗುವುದಿಲ್ಲ. ಆಪ್ತಸಮಾಲೋಚಕರ ಕೋಣೆಯಲ್ಲಿ ಎದುರುಬದುರು ಕುಳಿತಾಗ ಬಾರದ ಮಾತು ಇಲ್ಲಿ ಬಂದದ್ದು ಹಾಗಾಗಿಯೇ ಇರಬೇಕು.

ಇನ್ನು ಡಬ್ಬ. ರಾತ್ರಿ ಹತ್ತಕ್ಕೆ ಪ್ರತಿಯೊಬ್ಬರ ಅಡಿಕೆಯನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಚಿಕ್ಕಪ್ಪ ತಮ್ಮದನ್ನೂ ಅಳೆಸಿ, ಬರೆದು, ಕೆಳಗೆ ಗೆರೆ ಎಳೆಯತೊಡಗಿದರು. ಕ್ಯಾಶ್ ಟ್ಯಾಲಿ ಮರಳಿ ಬಂದಿತ್ತು. ಆ ಹೊತ್ತಿಗೆ ನಿದ್ದೆಯೂ ಬರುತ್ತಿತ್ತು, ಬೆಳಗಿನ ಐದರವರೆಗೆ. ಹಗಲು ಬಿಸಿಲಿನಲ್ಲಿ ಬೇಯಿಸಿದ ಅಡಿಕೆ ಹರವುವುದು, ಮಗುಚುವುದು, ಸಂಜೆ ಒಟ್ಟುಮಾಡುವುದು. ದೇಹದ ದಣಿವು, ಬಿಸಿಲು, ಹೊತ್ತಿಗೆ ಸರಿಯಾದ ಊಟ ಇವೆಲ್ಲ ನಿದ್ದೆಯನ್ನು ಸರಿಪಡಿಸುತ್ತವೆಂಬುದರಲ್ಲಿ ಹೊಸದೇನಿಲ್ಲ. ಜನವರಿ ಮಧ್ಯದ ಭೇಟಿಯಲ್ಲಿ ಅಂಕ 7ಕ್ಕೆ ಇಳಿದಿತ್ತು.

ಯಾವುದರಿಂದ ಗುಣವಾಯಿತು?

ಇಲ್ಲಿ ಅವಸರ ಮಾಡಬಾರದು. ಸರ್ಟ್ರಲೀನ್‌ನಂಥ ಮಾತ್ರೆಗಳ ಪರಿಣಾಮ ಪೂರ್ತಿ ಕಾಣಲು ಕೆಲವು ವಾರಗಳು ಬೇಕು. ಅಕ್ಟೋಬರಿನಲ್ಲಿ ಶುರುವಾದ ಮಾತ್ರೆ ಕೆಲಸ ಮಾಡತೊಡಗಿದ್ದೂ ಚಿಕ್ಕಪ್ಪ ಮೆಟ್ಟುಗತ್ತಿಯ ಮುಂದೆ ಕುಳಿತದ್ದೂ ಒಂದೇ ಕಾಲ. ಒಂದೇ ಪ್ರಕರಣದಿಂದ ಇವೆರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಬೇರ್ಪಡಿಸಬೇಕೆಂದರೆ ದೊಡ್ಡ ಅಧ್ಯಯನಗಳ ಕಡೆಗೆ ನೋಡಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 50 ವರ್ಷ ಮೀರಿದ 156 ಖಿನ್ನತೆಯ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಇದೇ ಸರ್ಟ್ರಲೀನ್, ಒಂದಕ್ಕೆ ಎರಡನ್ನೂ ಕೊಟ್ಟು 16 ವಾರ ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕೊನೆಯಲ್ಲಿ ಮೂರೂ ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಆರಂಭದಲ್ಲಿ ಮಾತ್ರ ಮಾತ್ರೆಯ ಗುಣ ಬೇಗ ಕಂಡಿತ್ತು.

ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರವಾದದ್ದು ಪಕ್ಕದ ಗೋವಾದಲ್ಲಿ ನಡೆದ ಅಧ್ಯಯನ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ತೀವ್ರವಾಗಿದ್ದ 495 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಸಾಮಾನ್ಯ ಚಿಕಿತ್ಸೆಯ ಜೊತೆಗೆ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರಿಂದ ಆರರಿಂದ ಎಂಟು ಸಲ ಸಮಾಲೋಚನೆ ಕೊಡಿಸಿದರು. ಸಮಾಲೋಚನೆಯ ತಿರುಳು ಇಷ್ಟೆ: ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆಂದು ಕಾಯದೆ, ಹಿಂದೆ ಸಂತೋಷವೋ ತೃಪ್ತಿಯೋ ಕೊಡುತ್ತಿದ್ದ ಚಟುವಟಿಕೆಗಳನ್ನು ಸಣ್ಣ ಅಳತೆಯಲ್ಲಿ ಮೊದಲು ಶುರುಮಾಡುವುದು, ಮನಸ್ಸು ಅದರ ಹಿಂದೆ ಬರುತ್ತದೆ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ತಿಂಗಳಲ್ಲಿ ಈ ಗುಂಪಿನ 64% ಜನರಿಗೆ ಗುಣ ಕಂಡಿತು, ಬರೀ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 39%. ಚಿಕ್ಕಪ್ಪನಿಗೆ ಯಾರೂ ಯೋಜನೆ ಹಾಕಿಕೊಡದೆಯೇ ನಡೆದದ್ದು ಇದೇ ಕ್ರಮ. ಮನಸ್ಸು ಬಾರದಿದ್ದರೂ ಕೈ ಮೊದಲು ಹೊರಟಿತು.

ಎರಡು ತಪ್ಪು

ಫೆಬ್ರವರಿ ಕೊನೆಗೆ ಅಂಕ ಮತ್ತೆ 13ಕ್ಕೆ ಏರಿತು. ಕಾರಣ ಎರಡು. ಮೊದಲನೆಯದು ಕೊಯ್ಲು ಮುಗಿದದ್ದು. ಅಂಗಳ ಖಾಲಿಯಾಯಿತು, ಚಪ್ಪರದಡಿಯ ಮಾತು ನಿಂತಿತು, ತಂದೆ ಊರುಗೋಲು ಹಿಡಿದು ಓಡಾಡತೊಡಗಿ ಮನೆಯ ಯಜಮಾನಿಕೆ ವಾಪಸು ತೆಗೆದುಕೊಂಡರು. ಎರಡನೆಯದು ಆಮೇಲೆ ಗೊತ್ತಾಯಿತು: ಗುಣವಾಯಿತೆಂದು ಅವರೇ ತೀರ್ಮಾನಿಸಿ ಜನವರಿ ಕೊನೆಯಿಂದ ಮಾತ್ರೆ ಬಿಟ್ಟಿದ್ದರು. "ಕೆಲಸವೇ ಔಷಧಿ ಅಂತ ನೀವೇ ಎಲ್ಲ ಹೇಳ್ತಿದ್ರಿ" ಎಂದು ನಮ್ಮ ಮೇಲೆಯೇ ಹಾಕಿದರು. ಅದರಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಬಂದವರ ಮುಂದೆಲ್ಲ ನಾವು ಆ ಮಾತನ್ನು ಹೇಳಿಕೊಂಡು ಮೆರೆದಿದ್ದೆವು.

ಕಳೆದುಕೊಂಡದ್ದನ್ನು ಹಿಂದಕ್ಕೆ ಪಡೆಯುವ ಹಟದಲ್ಲಿ ಮಾರ್ಚಿನಲ್ಲಿ ಅವರು ಬಸಿಗಾಲುವೆಯ ಹೂಳೆತ್ತುವ ಕೆಲಸಕ್ಕೆ ಇಳಿದರು. ಅರವತ್ತು ದಾಟಿದ, ಮೂವತ್ತೇಳು ವರ್ಷ ಕುರ್ಚಿಯ ಮೇಲೆ ಕಳೆದ ಬೆನ್ನು. ಮೂರನೆಯ ದಿನ ಹಾರೆ ಎತ್ತಿದಲ್ಲೇ ಸೊಂಟ ಹಿಡಿದು ಹನ್ನೊಂದು ದಿನ ಹಾಸಿಗೆ. ಆ ಹನ್ನೊಂದು ದಿನಗಳಲ್ಲಿ ಕಡತ ಮತ್ತೆ ಬಂದಿತ್ತು. ಸುಲಿಯುವ ಕೆಲಸದಿಂದ ಒಳ್ಳೆಯದಾದರೆ ಅಗೆಯುವ ಕೆಲಸದಿಂದ ಇನ್ನಷ್ಟು ಒಳ್ಳೆಯದಾಗಬೇಕೆಂಬ ಲೆಕ್ಕ ತಪ್ಪು. ಬೆವರಿನ ಪ್ರಮಾಣಕ್ಕೂ ಮನಸ್ಸಿನ ಹಗುರಕ್ಕೂ ಅಂಥ ನೇರ ಸಂಬಂಧವಿಲ್ಲ.

ಏಪ್ರಿಲ್ ನಂತರದ್ದನ್ನು ಚುಟುಕಾಗಿ ಹೇಳಬಹುದು. ಮಾತ್ರೆ ಮತ್ತೆ ಶುರುವಾಯಿತು. ಕೆಲಸವನ್ನೂ ಮಾತ್ರೆಯಂತೆಯೇ ಅಳತೆಯಲ್ಲಿ ಬರೆದುಕೊಳ್ಳಿ ಎಂದು ವೈದ್ಯರು ಹೇಳಿದರು. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ. ಕುಳಿತೋ ನಿಂತೋ ಮಾಡಬಹುದಾದದ್ದು, ಎಣಿಸಬಹುದಾದದ್ದು. ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ನೆಡುವುದು ದಿನಕ್ಕೆ 40 ಚೀಲ. ಮಳೆಗಾಲದಲ್ಲಿ ಬಳ್ಳಿ ಕಟ್ಟುವುದು. ಊರು ಮತ್ತು ಪೇಟೆಯ ನಡುವೆ ತಿಂಗಳಿಗೆ ಹದಿನೈದು ಹದಿನೈದು ದಿನ. ಆಗಸ್ಟಿನಲ್ಲಿ ಅಂಕ 6, ಡಿಸೆಂಬರಿನಲ್ಲಿ, ಎರಡನೆಯ ಕೊಯ್ಲಿನ ನಡುವೆ, 5.

ಅದೇ ಚಪ್ಪರದ ಕೆಳಗಿನ ಇನ್ನೊಬ್ಬರು

ಈ ಪ್ರಕರಣವನ್ನು ಇಲ್ಲಿಗೇ ಮುಗಿಸಿದ್ದರೆ ಅದು ಚಿಕ್ಕಪ್ಪನ ಕತೆ ಮಾತ್ರ ಆಗುತ್ತಿತ್ತು. ಎರಡನೆಯ ಕೊಯ್ಲಿನಲ್ಲಿ ನಾನು, ದುಡಿಮೆಯಿಂದ ಮನಸ್ಸಿಗೆ ಎಷ್ಟು ಒಳ್ಳೆಯದಾಯಿತು ನೋಡಿ ಎಂದು ಆ ಹಿರಿಯ ಹೆಂಗಸಿನ ಎದುರು ಹೇಳಿದೆ. ಅವರು ಕತ್ತಿಯಿಂದ ಕಣ್ಣೆತ್ತದೆ, "ಹಂಗಿದ್ರೆ ಈ ಊರಲ್ಲಿ ನನ್ನಷ್ಟು ಸುಖಿ ಯಾರೂ ಇರಬಾರ್ದಾಗಿತ್ತು" ಎಂದರು. ಅವರ ಮೊಣಕಾಲು ಮಡಚಲು ಬರುವುದಿಲ್ಲ. ಮಗ ಬೆಂಗಳೂರಿನಿಂದ ಹಣ ಕಳಿಸುವುದು ನಿಂತು ಎರಡು ವರ್ಷ. ಅವರಿಗೂ ರಾತ್ರಿ ನಿದ್ದೆ ಬರುವುದಿಲ್ಲವೆಂದು ಅಂದು ಕೇಳಿ ತಿಳಿದೆ. ಮೂವತ್ತು ವರ್ಷದಲ್ಲಿ ನಾವು ಯಾರೂ ಕೇಳಿರಲಿಲ್ಲ.

ಅವರ ಮಾತು ಬರೀ ಚಾಟಿಯಲ್ಲ. ದೈಹಿಕ ಚಟುವಟಿಕೆಗೂ ಮಾನಸಿಕ ಆರೋಗ್ಯಕ್ಕೂ ಇರುವ ಸಂಬಂಧದ ಕುರಿತ ಸಂಶೋಧನೆಗಳಲ್ಲಿ ಬಿಡುವಿನ ವೇಳೆಯ, ತಾವೇ ಆರಿಸಿಕೊಂಡ ಚಟುವಟಿಕೆಯ ಫಲ ಸ್ಪಷ್ಟವಾಗಿ ಕಾಣುತ್ತದೆ. ಹೊಟ್ಟೆಪಾಡಿಗಾಗಿ ಮಾಡುವ ದೈಹಿಕ ದುಡಿಮೆಯಲ್ಲಿ ಅದೇ ಫಲ ಕಾಣುವುದಿಲ್ಲ. ಚಿಕ್ಕಪ್ಪ ಸಾಕೆನ್ನಿಸಿದಾಗ ಏಳಬಹುದು, ಅರ್ಧ ಡಬ್ಬಕ್ಕೆ ಮೆಚ್ಚುಗೆ ಪಡೆಯಬಹುದು, ಅವರ ಪಿಂಚಣಿ ಆ ಡಬ್ಬದಿಂದ ಬರುವುದಿಲ್ಲ. ಪಕ್ಕದಲ್ಲಿ ಆ ಹೆಂಗಸಿನದೂ ಅದೇ ಕತ್ತಿ, ಅದೇ ಅಡಿಕೆ, ಅದೇ ಭಂಗಿ; ಆದರೆ ನಾಲ್ಕು ಡಬ್ಬ ಆಗದಿದ್ದರೆ ಆ ದಿನದ ಲೆಕ್ಕ ಅವರಿಗೆ ಹೊಂದುವುದಿಲ್ಲ. ದೇಹ ಒಂದೇ ಚಲನೆಯನ್ನು ಮಾಡುತ್ತಿದ್ದರೂ ಮನಸ್ಸುಗಳು ಮಾಡುತ್ತಿದ್ದ ಕೆಲಸ ಒಂದೇ ಆಗಿರಲಿಲ್ಲ.

ಹಾಗೆಂದು ಕೂಲಿಯ ದುಡಿಮೆಯಲ್ಲಿ ಮನಸ್ಸಿನ ಪಾತ್ರವೇ ಇಲ್ಲವೆಂದಲ್ಲ. ಅಮೆರಿಕದ 7 ಹೋಟೆಲುಗಳಲ್ಲಿ ಕೋಣೆ ಸ್ವಚ್ಛಗೊಳಿಸುವ 84 ಮಹಿಳೆಯರಲ್ಲಿ ಒಂದು ಗುಂಪಿಗೆ, ನೀವು ಮಾಡುವ ಕೆಲಸವೇ ವೈದ್ಯರು ಹೇಳುವಷ್ಟು ವ್ಯಾಯಾಮಕ್ಕೆ ಸಮ ಎಂದು ತಿಳಿಸಿದಾಗ, ಅವರು ಕೆಲಸವನ್ನು ಹೆಚ್ಚಿಸಿಕೊಳ್ಳದಿದ್ದರೂ ನಾಲ್ಕು ವಾರಗಳಲ್ಲಿ ತೂಕವೂ ರಕ್ತದೊತ್ತಡವೂ ಇಳಿದಿತ್ತೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಇದನ್ನು ಆ ಹಿರಿಯರಿಗೆ ಹೇಳಿದೆ. "ಕೂಲಿ ಹೆಚ್ಚು ಮಾಡಿ, ಅದ್ರಲ್ಲೂ ಏನಾದ್ರೂ ಇಳಿತದಾ ನೋಡನ" ಎಂದು ನಕ್ಕರು. ಆ ವರ್ಷ ಡಬ್ಬದ ದರವನ್ನು ತಂದೆ ಹೆಚ್ಚಿಸಿದರು. ನನ್ನ ಮಾತಿನಿಂದಲ್ಲ, ಪಕ್ಕದ ಊರಿನಲ್ಲಿ ದರ ಏರಿದ್ದರಿಂದ. ಆ ಹಿರಿಯ ಹೆಂಗಸನ್ನು ನಿದ್ದೆಯ ತೊಂದರೆಗಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದವರು ಚಿಕ್ಕಪ್ಪ. ಆ ಒಂಬತ್ತು ಪ್ರಶ್ನೆಗಳನ್ನು ಅವರಿಗೆ ಓದಿ ಹೇಳಿದವರೂ ಅವರೇ.

ಈಗಿನ ಸ್ಥಿತಿ

2024ರ ಕೊಯ್ಲಿಗೆ ಮುಂಚೆ ತಂದೆ ನೆರೆಮನೆಯವರ ಜೊತೆ ಪಾಲಿನಲ್ಲಿ ಸುಲಿಯುವ ಯಂತ್ರ ತಂದರು. ಜನ ಸಿಗುವುದಿಲ್ಲ, ಬೇರೆ ದಾರಿಯಿರಲಿಲ್ಲ. ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಸಣ್ಣದೂ ಓರೆಯೂ ಆದ ಅಡಿಕೆಗಳನ್ನು ಅದು ಅರ್ಧಂಬರ್ಧ ಸುಲಿದು ಹೊರಗೆ ಎಸೆಯುತ್ತದೆ. ಯಂತ್ರ ನಿಂತ ಮೇಲೆ, ರಾತ್ರಿ ಎಂಟರಿಂದ ಹತ್ತರವರೆಗೆ, ಆ ಉಳಿದ ರಾಶಿಯ ಸುತ್ತ ಮೂವರು ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ: ಚಿಕ್ಕಪ್ಪ, ಆ ಹಿರಿಯ ಹೆಂಗಸು, ಅವರ ಸೊಸೆ. ಈ ಕೆಲಸಕ್ಕೆ ಡಬ್ಬದ ಲೆಕ್ಕ ಹೊಂದುವುದಿಲ್ಲವೆಂದು ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುವುದೆಂದು ತೀರ್ಮಾನವಾಗಿದೆ. ಆದರೂ ಚಿಕ್ಕಪ್ಪ ತಮ್ಮ ಪಾಲನ್ನು ಅಳೆಯುವುದನ್ನು ಬಿಟ್ಟಿಲ್ಲ. ಕಳೆದ ಶನಿವಾರ ಪುಸ್ತಕ ತೆರೆದು ನೋಡಿದೆ. ಮುಕ್ಕಾಲು ಡಬ್ಬ ಎಂದು ಬರೆದು, ಕೆಳಗೆ ಅಡಿಗೆರೆ ಎಳೆದಿದ್ದರು. ಮಾತ್ರೆಯನ್ನು ಅರ್ಧಕ್ಕೆ ಇಳಿಸುವ ವಿಷಯವನ್ನು ವೈದ್ಯರು ಕೊಯ್ಲು ಮುಗಿದು ಎರಡು ತಿಂಗಳಾಗುವವರೆಗೆ ಮುಂದಕ್ಕೆ ಹಾಕಿದ್ದಾರೆ.